ಒಂದು ಡೆಲ್ಫಿಯಾ ಹೊತ್ತು

ನಮ್ಮ ಗ್ರೇಸನ್ ಫೋರ್ಕ್ ಊರಿನಲ್ಲಿ ಡೆಲ್ಫಿಯಾ ಸ್ಟಾಲ್ನೇಕರಳ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಯಾರೂ ಇರಲಿಲ್ಲ. ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಬಿಸಿನೀರಿನ ಕೊಳವೆಗಳ ಪಕ್ಕ, ಟೆಲಿಫೋನ್ ಸ್ವಿಚ್‌ಬೋರ್ಡಿನ ಮುಂದೆ ಅವಳು ಕೂತಿರುತ್ತಿದ್ದಳು. ಯಾರು ಯಾರಿಗೆ ಫೋನು ಮಾಡಬೇಕಿದ್ದರೂ ಅವಳನ್ನು ದಾಟಿಯೇ ಹೋಗಬೇಕು. "ಯಾರು ಬೇಕು ಕಂದಾ?" ಎಂದು ಅವಳು ಕೇಳಿದರೆ ಎಂಥ ಬಿಗುಮಾನದ ಪ್ರೊಫೆಸರೂ ಒಂದು ಗಳಿಗೆ ಕಂದನಾಗಿಬಿಡುತ್ತಿದ್ದ. ಕೇಳಿದ ಕೂಡಲೇ ಲೈನು ಕೊಡುವವಳೂ ಅಲ್ಲ. "ಕೆಮಿಸ್ಟ್ರಿಯವರಾ? ಅಲ್ಲಿ ಯಾರೂ ಎತ್ತಲ್ಲ, ಎಲ್ಲಾ ಊಟಕ್ಕೆ ಹೋದ್ರು. ಅದಿರ್ಲಿ, ನಿಮ್ಮ ತಾಯಿ ಮಂಡಿನೋವು ಹೇಗಿದೆ?" ಎಂದು ಶುರುಮಾಡಿದರೆ ಮಂಡಿನೋವಿನ ಕಥೆ ಮುಗಿಯುವಷ್ಟರಲ್ಲಿ ಕೆಮಿಸ್ಟ್ರಿಯವರ ಊಟವೂ ಮುಗಿದಿರುತ್ತಿತ್ತು. ಅಂಗಡಿಯಲ್ಲಿ ಅವಳನ್ನು ಯಾರೂ ಗುರುತಿಸುತ್ತಿರಲಿಲ್ಲ. ಆದರೆ ಅವಳು ಬಾಯಿ ತೆರೆದು ಬೆಣ್ಣೆ ಕೇಳಿದೊಡನೆ ಅಂಗಡಿಗೆ ಅಂಗಡಿಯೇ ತಿರುಗಿ ನೋಡಿ, "ಅಯ್ಯೋ, ಮಿಸ್ ಡೆಲ್ಫಿಯಾ ನೀವೇನಾ!" ಎನ್ನುತ್ತಿತ್ತು. ಅದಕ್ಕಾಗಿಯೇ ಅವಳು ಬೆಣ್ಣೆಯನ್ನು ಸ್ವಲ್ಪ ಗಟ್ಟಿಯಾಗಿ ಕೇಳುತ್ತಿದ್ದಳು ಎಂದು ಅವಳ ನಾದಿನಿ ಆರ್ಬ್ಯೂಟಸ್ ಹೇಳುತ್ತಾಳೆ.

ಗಂಡನ ಹೆಸರು ಓಕಿ. ನಮ್ಮ ಬೆಟ್ಟಗಳಲ್ಲಿ ಆ ಹೆಸರು ಮನೆಗೊಂದರಂತೆ ಸಿಗುತ್ತದೆ. ಆದರೆ ಈ ಓಕಿ ತನ್ನ ಜನ್ಮದಲ್ಲಿ ಯಾವುದಕ್ಕೂ ಓಕೆ ಎಂದವನಲ್ಲ. ಏನು ಕೇಳಿದರೂ "ನೋಡೋಣ" ಎನ್ನುವನು. ಮದುವೆಯಾಗುತ್ತೀಯಾ ಎಂದು ಪಾದ್ರಿ ಕೇಳಿದಾಗಲೂ "ನೋಡೋಣ" ಎಂದನಂತೆ; ಆರ್ಬ್ಯೂಟಸ್ ಹಿಂದಿನಿಂದ ತಿವಿದ ಮೇಲೆ ತಲೆ ಆಡಿಸಿದನಂತೆ. ಕಲ್ಲಿದ್ದಲ ಗಣಿಯಲ್ಲಿ ದುಡಿದು, ಎದೆ ತುಂಬ ಅದರ ದೂಳು ತುಂಬಿಕೊಂಡು, ಈಗ ಮನೆಯ ಮುಂದಿನ ವರಾಂಡದ ತೂಗುಬೆಂಚಿನಲ್ಲಿ ಕೂತಿರುತ್ತಿದ್ದ. ಕೋಳಿಗೆ ಕಾಳು ಹಾಕುವುದು, ಮತ್ತೆ ಬಂದು ಕೂರುವುದು, ಅಷ್ಟೇ.

ಇಂಥ ಮೂಕ ಮನುಷ್ಯ ಡೆಲ್ಫಿಯಾಳನ್ನು ಒಲಿಸಿಕೊಂಡದ್ದು ಫೋನಿನಲ್ಲಿ ಎಂದರೆ ಯಾರೂ ನಂಬುವುದಿಲ್ಲ. ಹರೆಯದಲ್ಲಿ ಗಣಿ ಕಂಪನಿಯ ಅಂಗಡಿಯಿಂದ ದಿನವೂ ಸಂಜೆ, ಅವಳು ಆಗ ಕೆಲಸಕ್ಕಿದ್ದ ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಫೋನು ಮಾಡುತ್ತಿದ್ದ. "ಯಾರು ಬೇಕು?" ಎಂದು ಅವಳು ಕೇಳುವಳು. "ಯಾರೂ ಬೇಡ" ಎನ್ನುವನು. "ಮತ್ತೆ ಯಾಕೆ ಮಾಡಿದ್ರಿ?" ಎನ್ನುವಳು. ಅವನು ಸುಮ್ಮನಿರುವನು. ಆ ಮೌನವನ್ನು ತುಂಬಲು ಅವಳು ಊರಿನ ಸುದ್ದಿಯನ್ನೆಲ್ಲ ಹೇಳುವಳು. ಮದುವೆಯಾದ ಮೇಲೆ ಆ ಫೋನು ನಿಂತಿತು. ಹಗಲೆಲ್ಲ ಊರಿನ ಜೊತೆ ಮಾತಾಡಿ ಗಂಟಲು ಸವೆಸಿಕೊಂಡು ಮನೆಗೆ ಬಂದವಳು ಕೋಟು ಬಿಚ್ಚುತ್ತಲೇ, "ನನ್ನನ್ನ ಮಾತಾಡಿಸ್ಬೇಡ ಓಕಿ, ಗಂಟಲು ಬಿದ್ದೋಗಿದೆ" ಎನ್ನುತ್ತಿದ್ದಳು. ಓಕಿ ಮಾತಾಡಿಸುತ್ತಿರಲಿಲ್ಲ. ತಟ್ಟೆಯಲ್ಲಿದ್ದ ಬೀನ್ಸು, ಜೋಳದ ಬ್ರೆಡ್ಡು ತಿಂದು, ಎದ್ದು ವರಾಂಡಕ್ಕೆ ಹೋಗುತ್ತಿದ್ದ. ಅಂಥ ಸಂಸಾರಕ್ಕೆ ನಮ್ಮಲ್ಲಿ ಚೆನ್ನಾದ ಸಂಸಾರ ಎಂದೇ ಹೆಸರು.

ಹೀಗಿರುವಾಗ ಎರಡು ಸುದ್ದಿ ಒಟ್ಟಿಗೆ ಬಂದವು. ಮುಂದಿನ ಬೇಸಿಗೆಗೆ ಎಲ್ಲ ಕೋಣೆಗಳಿಗೂ ನಂಬರು ತಿರುಗಿಸುವ ಹೊಸ ಫೋನು ಬರುತ್ತದೆ, ಸ್ವಿಚ್‌ಬೋರ್ಡನ್ನು ಕಿತ್ತುಹಾಕುತ್ತಾರೆ ಎಂಬುದು ಒಂದು. ಬೆಟ್ಟದ ಮೇಲಿನ ಹೊಸ ಕ್ಯಾಂಪಸ್ಸಿಗೂ ನದಿಯ ಪಕ್ಕದ ಹಳೆಯ ಕ್ಯಾಂಪಸ್ಸಿಗೂ ನಡುವೆ ಚಾಲಕನೇ ಇಲ್ಲದ ಗಾಡಿ ಓಡಿಸುತ್ತಾರೆ ಎಂಬುದು ಇನ್ನೊಂದು. ಎರಡನೆಯ ಸುದ್ದಿಗೆ ಊರು ನಕ್ಕಿತು. ಚಾಲಕನಿದ್ದ ಬಸ್ಸೇ ಆ ಇಕ್ಕಟ್ಟಿನ ರಸ್ತೆಯಲ್ಲಿ ಸಿಕ್ಕಿಬಿದ್ದು, ಇತಿಹಾಸದ ತರಗತಿಗೆ ಹೊರಟ ಹುಡುಗರು ಊಟದ ಹೊತ್ತಿಗೆ ಇಳಿಯುತ್ತಿದ್ದರು. ಮೊದಲನೆಯ ಸುದ್ದಿಗೆ ಡೆಲ್ಫಿಯಾ ನಗಲಿಲ್ಲ. ಸಂಬಳ ಹೋಗುತ್ತದೆ ಎಂದಲ್ಲ, ಪಿಂಚಣಿ ಬರುತ್ತಿತ್ತು. ದನಿ ಕೇಳಿಸದೆ ಹೋದರೆ ತಾನು ಯಾರು? ಸುಮ್ಮನೆ ಬೆಣ್ಣೆ ಕೊಳ್ಳಲು ಬಂದ ಒಬ್ಬ ಮುದುಕಿ.

ಗಾಡಿಯ ಯೋಜನೆ ಮಾಡಲು ಬಂದವನು ವೆಂಡೆಲ್ ಆಸ್ಟ್ರಾಂಡರ್ ಎಂಬ ಎಂಜಿನಿಯರ್. ಕ್ಯಾಲಿಫೋರ್ನಿಯದವನು, ಉದ್ದಕ್ಕೆ ಬೆಳೆದು ಸ್ವಲ್ಪ ಬಾಗಿದವನು, ಕುತ್ತಿಗೆಗೆ ನೇತುಹಾಕಿಕೊಂಡ ಸ್ಟಾಪ್‌ವಾಚ್ ಗಡಿಯಾರವನ್ನು ಇಗರ್ಜಿಗೂ ಬಿಡದೆ ಒಯ್ಯುವವನು. ಅವನು ತನ್ನ ಊರಿಗೆ ಮಾಡುವ ಫೋನು ಕರೆಗಳನ್ನೆಲ್ಲ ಡೆಲ್ಫಿಯಾಳೇ ಜೋಡಿಸುತ್ತಿದ್ದಳು. ಒಂದು ದಿನ ಎಲ್ಲರಿಗೂ ಹೇಳುವ ಹಾಗೆ ಅವನಿಗೂ, "ಒಂದ್ ಭಾನುವಾರ ಮನೆಗೆ ಊಟಕ್ಕೆ ಬನ್ನಿ ಕಂದಾ" ಎಂದಳು. ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಅರ್ಧ ಊರಿಗೆ ಹೇಳಿದ್ದಳು, ಯಾರೂ ಬಂದಿರಲಿಲ್ಲ. ಆಸ್ಟ್ರಾಂಡರ್ ಮುಂದಿನ ಭಾನುವಾರವೇ ಹೂಗುಚ್ಛ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಡೆಲ್ಫಿಯಾ ತಲೆಗೂದಲಿಗೆ ಸುತ್ತಿದ್ದ ಸುರುಳಿಗಳನ್ನು ಕೀಳುತ್ತಲೇ ಅವನನ್ನು ಒಳಗೆ ಕರೆದಳು. ಇದ್ದ ಬೀನ್ಸಿಗೆ ನೀರು ಬೆರೆಸಿದಳು, ಸೇಬು ಹುರಿದಳು. ಊಟವಾಯಿತು. ಅವನು ಮರ್ಯಾದೆಯಿಂದ ಎದ್ದು, "ಬಹಳ ಚೆನ್ನಾಗಿತ್ತು, ನಾನಿನ್ನು ಬರ್ತೀನಿ" ಎಂದ.

"ಇಷ್ಟ್ ಬೇಗ ಹೊರಟ್ರಾ? ಇನ್ನೂ ಸ್ವಲ್ಪ ಹೊತ್ತು ಕೂತಿರಿ" ಎಂದಳು ಡೆಲ್ಫಿಯಾ.

ಅವನು ಕೂತ. ಗೋಡೆಯ ಗಡಿಯಾರ ಟಿಕ್ ಟಿಕ್ ಎಂದಿತು. ಓಕಿ ಕೋಳಿಗೆ ಕಾಳು ಹಾಕಲು ಹೋದ, ಬಂದ. ಆಸ್ಟ್ರಾಂಡರ್ ಮತ್ತೆ ಎದ್ದ. "ಏನವಸರ? ಕೂತಿರಿ" ಎಂದಳು ಅವಳು. ಮತ್ತೆ ಕೂತ. ಸಂಜೆಯಾಗುತ್ತ ಬಂದು ಅವಳು ಉಳಿದ ಬೀನ್ಸನ್ನು ಮತ್ತೆ ಒಲೆಗಿಡಬೇಕಾಯಿತು. ಯಾರ ಕಾರಪ್ಪಾ ಇದು ಬೆಳಗಿನಿಂದ ನಿಂತಿದೆ ಎಂದು ಪಕ್ಕದ ಮನೆಯಿಂದ ಆರ್ಬ್ಯೂಟಸ್ ನೋಡಲು ಬಂದಳು. ಬಂದವಳೇ ನೋಡಿದಳು: ಕುರ್ಚಿಯ ತುದಿಯಲ್ಲಿ ಹರಳೆಣ್ಣೆ ಕುಡಿದ ಮುಖದ ಎಂಜಿನಿಯರು, ಅವನೆದುರು ಗಂಟಲು ಬಿದ್ದು ಕೂತ ಅತ್ತಿಗೆ.

"ಏನಪ್ಪಾ, ಇಲ್ಲೇ ಬಿಡಾರ ಹೂಡ್ತೀಯಾ ಹೇಗೆ?"

"ಅವರು ಬಿಡ್ತಾ ಇಲ್ಲ ಮ್ಯಾಮ್. ಎದ್ದಾಗಲೆಲ್ಲ ಕೂತಿರಿ ಅಂತಾರೆ."

ಆರ್ಬ್ಯೂಟಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಂಕೇ! ಕೂತಿರಿ ಅಂದ್ರೆ ಹೊರಡಿ ಅಂತ. ಇನ್ನೇನು, ಎದ್ದ ಮನುಷ್ಯನಿಗೆ ಹೋಗು ಅಂತ ಮುಖದ ಮೇಲೆ ಹೇಳೋಕಾಗುತ್ತಾ? ಅವ್ಳು ಕೂತಿರಿ ಅಂತಾಳೆ, ನೀನು ಇಲ್ಲ ಇಲ್ಲ ಹೊರಡ್ಬೇಕು, ನೀವೇ ಬನ್ನಿ ನಮ್ಮನೆಗೆ ಅಂತೀಯ, ಮೆಟ್ಟಿಲಿಳೀತೀಯ. ಮುಗೀತು."

"ಹಾಗಾದ್ರೆ ನಿಜವಾಗ್ಲೂ ಕೂತಿರಲಿ ಅಂತಿದ್ರೆ ಏನಂತೀರಿ?"

ಆರ್ಬ್ಯೂಟಸ್ ಯೋಚಿಸಿದಳು. "ಅದನ್ನ ಯಾರೂ ಹೇಳಲ್ಲಪ್ಪ. ಕೂತಿರಬೇಕಾದೋರು ಏಳೋದೇ ಇಲ್ಲವಲ್ಲ."

ಆಸ್ಟ್ರಾಂಡರ್ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಹೋದ. ಮೆಟ್ಟಿಲಿಳಿಯುವಾಗ, "ನೀವೇ ಬನ್ನಿ ನಮ್ಮನೆಗೆ" ಎಂದು ಹೇಳುವುದನ್ನೂ ಮರೆಯಲಿಲ್ಲ. ಓಕಿ ವರಾಂಡದಿಂದ "ನೋಡೋಣ" ಎಂದ.

ಈಗ ಗಾಡಿಯ ವಿಷಯಕ್ಕೆ ಬರೋಣ. ಊರಿನವರು ಅದಕ್ಕೆ ಡಬ್ಬಿ ಎಂದು ಹೆಸರಿಟ್ಟಿದ್ದರು, ನೋಡಲು ಬ್ರೆಡ್ಡಿಡುವ ಡಬ್ಬಿಯ ಹಾಗೇ ಇತ್ತು. ಕಂಬಗಳ ಮೇಲಿನ ಕಾಂಕ್ರೀಟು ದಾರಿಯಲ್ಲಿ ಡಬ್ಬಿಯ ಹಿಂದೆ ಡಬ್ಬಿ ಓಡಬೇಕು. ಓಡಿಸುವುದೆಲ್ಲ ಕಂಪ್ಯೂಟರು. ದಾರಿ ಎಲ್ಲಿ ತಿರುಗಬೇಕು, ಹಿಮ ಬಿದ್ದರೆ ಕರಗಿಸುವುದು ಹೇಗೆ ಎಂಬುದೆಲ್ಲ ಕಾಗದದ ಮೇಲೆ ಸಲೀಸಾಗಿ ಬಗೆಹರಿದಿತ್ತು. ಬಗೆಹರಿಯದೆ ಉಳಿದದ್ದು ಬಾಗಿಲು. ಒಂದು ಡಬ್ಬಿಯ ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ಹಿಂದಿನದು ನಿಲ್ಲಬೇಕು, ಅದರ ಹಿಂದಿನದೂ ನಿಲ್ಲಬೇಕು, ಕೊನೆಗೆ ಬೆಟ್ಟದಿಂದ ನದಿಯವರೆಗೆ ಎಲ್ಲವೂ ಸಾಲಾಗಿ ನಿಂತುಬಿಡಬೇಕು. ಆದ್ದರಿಂದ ಜನ ಬೇಗ ಇಳಿಯಬೇಕು.

ಹಳೆಯ ವ್ಯಾಯಾಮಶಾಲೆಯಲ್ಲಿ ಆಸ್ಟ್ರಾಂಡರ್ ಮರದ ಹಲಗೆಯಿಂದ ಒಂದು ನಕಲಿ ಡಬ್ಬಿ ಮಾಡಿಸಿದ. ಊರಿನವರನ್ನು ಕರೆಸಿ ಒಳಗೆ ಕೂರಿಸಿ, ಬಾಗಿಲು ತೆರೆದು, ಇಳಿಯಿರಿ ಎಂದ. ನಮ್ಮವರು ಇಳಿದಂತೆ ಮಾಡಿದರೇ ಹೊರತು ಇಳಿಯಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಕೈ ಬಾಗಿಲ ಚೌಕಟ್ಟಿನ ಮೇಲೆ. "ಹಾಗಾದ್ರೆ ಬರ್ತೀವಪ್ಪ." "ಹೂಂ, ಬನ್ನಿ. ಅಂದ ಹಾಗೆ ನಿಮ್ಮ ಹಸು ಕರು ಹಾಕ್ತಾ?" ಅಲ್ಲಿಗೆ ಹಸುವಿನ ಕಥೆ ಶುರು. ಆಸ್ಟ್ರಾಂಡರನ ಗಡಿಯಾರದ ಮುಳ್ಳು ಸುತ್ತಿ ಸುತ್ತಿ ಸೋತಿತು. "ಬಾಗಿಲು ಮುಚ್ಚುತ್ತಿದೆ, ದೂರ ಸರಿಯಿರಿ" ಎಂದು ತನ್ನ ಸಹಾಯಕನ ಬಾಯಲ್ಲಿ ಧ್ವನಿವರ್ಧಕದಲ್ಲಿ ಹೇಳಿಸಿದ. ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಪಾದ್ರಿಯ ಹೆಂಡತಿ ಗಕ್ಕನೆ ತಿರುಗಿ ನಿಂತು, "ಯಾರದು ನನ್ನನ್ನ ಹೊರಗೆ ನೂಕ್ತಿರೋದು? ಮುಖ ತೋರಿಸ್ಲಿ ನೋಡೋಣ" ಎಂದು ಬಾಗಿಲಿಗೆ ಅಡ್ಡ ನಿಂತೇಬಿಟ್ಟಳು.

ಆಗ ಆಸ್ಟ್ರಾಂಡರನಿಗೆ ಡೆಲ್ಫಿಯಾಳ ನೆನಪಾಯಿತು. ಇಡೀ ಊರು ತಕರಾರಿಲ್ಲದೆ ಕೇಳುವ ದನಿ ಒಂದೇ ಒಂದು ಇತ್ತು. ಡಬ್ಬಿಗಳಲ್ಲಿ ಮಾತಾಡುವ ಟೇಪಿಗೆ ದನಿ ಕೊಡುತ್ತೀರಾ ಎಂದು ಕೇಳಿದಾಗ ಅವಳು ಸ್ವಿಚ್‌ಬೋರ್ಡಿನಲ್ಲಿ ಇಬ್ಬರು ಪ್ರೊಫೆಸರುಗಳನ್ನು ತಪ್ಪು ತಪ್ಪಾಗಿ ಜೋಡಿಸಿಬಿಟ್ಟಳು. ಸ್ವಿಚ್‌ಬೋರ್ಡು ಹೋದರೆ ಹೋಗಲಿ! ಇನ್ನು ಮೇಲೆ ಊರಿಗೆ ಊರೇ ಬೆಳಗಾದರೆ ತನ್ನ ದನಿ ಕೇಳಿಕೊಂಡು ಹತ್ತುತ್ತದೆ, ಸಂಜೆಯಾದರೆ ತನ್ನ ದನಿ ಕೇಳಿಕೊಂಡು ಇಳಿಯುತ್ತದೆ. ಆ ದಿನ ಮನೆಗೆ ಬಂದು, ಗಂಟಲು ಬಿದ್ದಿದೆ ಎನ್ನುವುದನ್ನೂ ಮರೆತು ಓಕಿಗೆ ಹೇಳಿದಳು.

"ಕೇಳ್ದ್ಯಾ? ನಾನು ಸತ್ತ ಮೇಲೂ ಮಾತಾಡ್ತಾ ಇರ್ತೀನಂತೆ."

"ಅದರಲ್ಲೇನು ಹೊಸದು" ಎಂದ ಓಕಿ. ಆ ವರ್ಷ ಅವನಾಡಿದ ಅತ್ಯಂತ ಉದ್ದನೆಯ ಮಾತು ಅದೇ ಇರಬೇಕು.

ಕಾಲೇಜಿನ ರೇಡಿಯೋ ಕೋಣೆಯಲ್ಲಿ ಮೈಕಿನ ಮುಂದೆ ಅವಳನ್ನು ಕೂರಿಸಿದರು. "ನದಿ ನಿಲ್ದಾಣ. ಬಾಗಿಲು ಮುಚ್ಚುತ್ತಿದೆ. ದೂರ ಸರಿಯಿರಿ" ಎಂದು ಬರೆದ ಚೀಟಿ ಕೊಟ್ಟರು. ನಿಲ್ದಾಣದ ಹೆಸರು ಹೇಳಿದಳು, ನಿಂತಳು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲೇ ನಿಂತಳು.

"ಏನಾಯ್ತು ಮಿಸ್ ಡೆಲ್ಫಿಯಾ?"

"ಬಂದ ಜನರ ಮುಖಕ್ಕೆ ಬಾಗಿಲು ಹಾಕು ಅಂತೀರಲ್ಲ. ಮುಂಚೆ ಒಂದ್ ಮಾತು ಹೇಳ್ಬೇಡ್ವಾ?"

"ಬಾಗಿಲು ಹಾಕೋದು ಯಂತ್ರ, ನೀವಲ್ಲ."

"ಯಂತ್ರ ನಿಮ್ದು, ಬಾಯಿ ನಂದು. ಹಾಗಂದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ ಅಷ್ಟೇ."

ಹಾಗೆಂದು ಮೈಕಿಗೆ ಬಾಗಿ, ತನ್ನ ಮನೆಯ ಬಾಗಿಲಲ್ಲಿ ನಿಂತು ಹೇಳುವ ಹಾಗೇ ಹೇಳಿದಳು: "ನದಿ ನಿಲ್ದಾಣ ಬಂತು ಕಂದಾ. ಇಷ್ಟ್ ಬೇಗ ಹೊರಟ್ರಾ? ಇನ್ನೂ ಸ್ವಲ್ಪ ಹೊತ್ತು ಕೂತಿರಿ."

ಆಸ್ಟ್ರಾಂಡರ್ ತಲೆ ಚಚ್ಚಿಕೊಳ್ಳುವುದರಲ್ಲಿದ್ದ. ಅಷ್ಟರಲ್ಲಿ ಟೇಪು ತಿರುಗಿಸುತ್ತಿದ್ದ ಹುಡುಗಿ, ನಮ್ಮ ಬೆಟ್ಟದವಳೇ, ತನಗರಿವಿಲ್ಲದೆ ಕುರ್ಚಿಯಿಂದ ಎದ್ದು ಬಾಗಿಲ ಕಡೆ ಹೊರಟಿದ್ದು ಕಂಡಿತು. ಅವನ ಕಣ್ಣು ಅರಳಿತು. ಮರದ ಡಬ್ಬಿಯಲ್ಲಿ ಆ ಟೇಪನ್ನು ಹಾಕಿ ನೋಡಿದ. ಕೂತಿರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಜನ "ಇಲ್ಲಮ್ಮ, ಹೊರಡ್ಬೇಕು, ನೀನೇ ಬಾ" ಎನ್ನುತ್ತ ಸರಸರನೆ ಇಳಿದುಹೋದರು. ಪಾದ್ರಿಯ ಹೆಂಡತಿಯಂತೂ ಧ್ವನಿವರ್ಧಕದ ಕಡೆಗೆ ಕೈಬೀಸಿ ಇಳಿದಳು. ಹಸುವೂ ಇಲ್ಲ, ಕರುವೂ ಇಲ್ಲ. ಬೀಳ್ಕೊಡುವ ಶಾಸ್ತ್ರವನ್ನು ಯಂತ್ರವೇ ಮುಗಿಸಿಬಿಟ್ಟಿತಲ್ಲ, ಇನ್ನು ಬಾಗಿಲಲ್ಲಿ ನಿಲ್ಲಲು ನೆಪವೇನಿದೆ? ಆಸ್ಟ್ರಾಂಡರ್ ಅದೇ ಲೆಕ್ಕದ ಮೇಲೆ ಬಾಗಿಲಿನ ಹೊತ್ತನ್ನು ಕಡಿಮೆ ಮಾಡಿ ಯೋಜನೆ ಮುಗಿಸಿದ. ತಾನು ಒಂದು ಭಾನುವಾರವೆಲ್ಲ ಕುರ್ಚಿಯ ತುದಿಯಲ್ಲಿ ಕೊಳೆತದ್ದು ಆ ಸಂತೋಷದಲ್ಲಿ ಅವನಿಗೆ ನೆನಪಾಗಲಿಲ್ಲ. ಬುದ್ಧಿವಂತರ ಪಾಡು ಹೀಗೆಯೇ.

ನಿಜವಾದ ಡಬ್ಬಿಯನ್ನು ಓಡಿಸಿ ತೋರಿಸುವ ದಿನ ಬಂತು. ಹಣ ಕೊಟ್ಟ ಸರ್ಕಾರದವರು ವಾಷಿಂಗ್ಟನ್ನಿನಿಂದ ಬಂದಿದ್ದರು. ಅವರ ಮುಖ್ಯಸ್ಥ ಥೇಯರ್ ಎಂಬಾತ. ನಕ್ಕರೆ ಕೋಟು ಸುಕ್ಕಾದೀತು ಎಂಬಂಥ ಮನುಷ್ಯ. ಬೆಟ್ಟದ ಮೇಲೆ ಅವರನ್ನೂ ಜೊತೆಗೆ ಊರಿನ ಕೆಲವರನ್ನೂ ಡಬ್ಬಿಗೆ ಹತ್ತಿಸುವುದು, ಕೆಳಗೆ ನದಿ ನಿಲ್ದಾಣದಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು ಹಾರ ತುರಾಯಿ ಬ್ಯಾಂಡು ಸಮೇತ ಸ್ವಾಗತಿಸುವುದು ಎಂದು ಗೊತ್ತಾಗಿತ್ತು. ಊರಿನವರ ಪೈಕಿ ಓಕಿಯೂ ಇದ್ದ. "ಬರ್ತೀಯಾ?" ಎಂದು ಡೆಲ್ಫಿಯಾ ಕೇಳಿದ್ದಕ್ಕೆ "ನೋಡೋಣ" ಎಂದವನು, ಬೆಳಿಗ್ಗೆ ನೋಡಿದರೆ ಗಡ್ಡ ಕೆರೆದು, ತೊಳೆದ ಟೋಪಿ ಹಾಕಿಕೊಂಡು ಮೊದಲೇ ತಯಾರಾಗಿದ್ದ. ಡೆಲ್ಫಿಯಾ ಹೊಸ ಹ್ಯಾಟು ಹಾಕಿಕೊಂಡು ಕೆಳಗೆ ಅಧ್ಯಕ್ಷರ ಪಕ್ಕದಲ್ಲೇ ನಿಂತಳು. ಈ ಪರೀಕ್ಷೆ ಗೆದ್ದರೆ ಟೇಪು ಅವಳದು. ಇಲ್ಲವಾದರೆ ಪಿಟ್ಸ್‌ಬರ್ಗಿನ ರೇಡಿಯೋದವಳೊಬ್ಬಳು ಕಾದಿದ್ದಾಳೆ ಎಂದು ಆಸ್ಟ್ರಾಂಡರ್ ಅವಳಿಗೆ ಮೊದಲೇ ಹೇಳಿದ್ದ.

ಡಬ್ಬಿ ಬಂತು. ಬ್ಯಾಂಡು ಬಾರಿಸಿತು. ಬಾಗಿಲು ತೆರೆಯಿತು. ಒಳಗಿನಿಂದ ಅವಳದೇ ದನಿ, ಬೆಣ್ಣೆ ಸವರಿದ ಹಾಗೆ: "ಇಷ್ಟ್ ಬೇಗ ಹೊರಟ್ರಾ? ಇನ್ನೂ ಸ್ವಲ್ಪ ಹೊತ್ತು ಕೂತಿರಿ." ಊರಿನವರು "ಇಲ್ಲಮ್ಮ, ಹೊರಡ್ಬೇಕು" ಎನ್ನುತ್ತ ದಬದಬ ಇಳಿದರು. ವಾಷಿಂಗ್ಟನ್ನಿನವರು ಇಳಿಯಲಿಲ್ಲ. ಥೇಯರ್ ಏಳಲು ಹೋದವನು ಆ ಮಾತು ಕೇಳಿ ಮತ್ತೆ ಕೂತು, ಕೋಟು ಸರಿಮಾಡಿಕೊಂಡ. ಅಧ್ಯಕ್ಷರು ಹಾರ ಹಿಡಿದು ಒಂದು ಹೆಜ್ಜೆ ಮುಂದಿಟ್ಟರು. ಬಾಗಿಲು ಮುಚ್ಚಿಕೊಂಡಿತು. ಡಬ್ಬಿ ಅತಿಥಿಗಳನ್ನು ಹೊತ್ತುಕೊಂಡು ಬೆಟ್ಟದ ಕಡೆ ಹೊರಟೇಹೋಯಿತು.

ಬ್ಯಾಂಡಿನವರು ಅನುಮಾನದಲ್ಲೇ ಬಾರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಡಬ್ಬಿ ಮತ್ತೆ ಬಂತು. ಬ್ಯಾಂಡು ಜೋರಾಯಿತು. ಬಾಗಿಲು ತೆರೆಯಿತು. "ಇನ್ನೂ ಸ್ವಲ್ಪ ಹೊತ್ತು ಕೂತಿರಿ" ಎಂದಿತು ದನಿ. ಅವರು ಕೂತೇ ಇದ್ದರು. "ಇಳೀರಿ!" ಎಂದು ಆಸ್ಟ್ರಾಂಡರ್ ಓಡಿಬರುವಷ್ಟರಲ್ಲಿ ಬಾಗಿಲು ಅವನ ಮೂಗಿನ ಮುಂದೆ ಮುಚ್ಚಿತು. ಡೆಲ್ಫಿಯಾಳ ಹೊಸ ಹ್ಯಾಟಿನ ಕೆಳಗೆ ಬೆವರು ಇಳಿಯತೊಡಗಿತು. ಆಗ ಕಿಟಕಿಯಲ್ಲಿ ಅವಳಿಗೆ ಇನ್ನೊಂದು ಕಂಡಿತು. ತೊಳೆದ ಟೋಪಿ. ಓಕಿ! ಎಲ್ಲರೂ ಇಳಿದರೂ ಅವನು ಇಳಿದಿರಲಿಲ್ಲ. ಉಸಿರು ಕಟ್ಟಿತೇನೋ, ಎದೆ ಹಿಡಿದುಕೊಂಡಿತೇನೋ ಎಂದು ಅವಳು ಹೌಹಾರಿದಳು. ಮೂರನೆಯ ಸಲ ಡಬ್ಬಿ ಬಂದಾಗ ಆಸ್ಟ್ರಾಂಡರ್ ಬಾಗಿಲಿಗೆ ತನ್ನ ಇಡೀ ಉದ್ದವನ್ನು ಅಡ್ಡ ಕೊಟ್ಟು ನಿಂತು ಎಲ್ಲರನ್ನೂ ಕೈಹಿಡಿದು ಇಳಿಸಿದ. ಓಕಿ ಕೊನೆಯವನಾಗಿ, ಆರಾಮಾಗಿ, ಇಗರ್ಜಿಯಿಂದ ಬರುವವನ ಹಾಗೆ ಇಳಿದ. ಉಸಿರು ಸರಿಯಾಗೇ ಇತ್ತು.

"ಇದು ಇಲ್ಲಿಯವರ ಮರ್ಯಾದೆಯ ಮಾತು ಸರ್, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತೆ" ಎಂದು ಆಸ್ಟ್ರಾಂಡರ್ ಥೇಯರನಿಗೆ ವಿವರಿಸಲು ಹೆಣಗಿದ. "ಹೊರಗಿನವರಿಗೆ ಒಂದು ಫಲಕ ಹಾಕಿದರಾಯಿತು."

ಥೇಯರ್ ಓಕಿಯ ಕಡೆ ಕೈತೋರಿಸಿದ. "ಅವರು ಇಲ್ಲಿಯವರೇ ತಾನೆ? ನಮ್ಮ ಜೊತೆ ಅವರೂ ಸುತ್ತಿದರು. ಯಾಕೆ ಇಳಿಯಲಿಲ್ಲ ಅಂತ ಕೇಳಿದೆ. ಆಕೆ ಕೂತಿರು ಅಂದಳಲ್ಲ ಅಂದರು. ಇಲ್ಲಿಯವರಿಗೇ ಅರ್ಥವಾಗದ ಮೇಲೆ ಫಲಕ ಏನು ಮಾಡುತ್ತೆ?"

ಟೇಪು ಪಿಟ್ಸ್‌ಬರ್ಗಿಗೆ ಹೋಯಿತು.

ಆ ಸಂಜೆ ಡೆಲ್ಫಿಯಾ ಹ್ಯಾಟು ತೆಗೆಯದೆಯೇ ವರಾಂಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಆ ವಾಷಿಂಗ್ಟನ್ ಮುಂಡೇವಕ್ಕೆ ಗೊತ್ತಾಗ್ಲಿಲ್ಲ ಸರಿ. ನಿನಗೇನಾಗಿತ್ತು ಧಾಡಿ? ಹುಟ್ಟಿದಾಗಿಂದ ಈ ಬೆಟ್ಟದಲ್ಲೇ ಇದ್ದೀಯ, ಕೂತಿರು ಅಂದ್ರೆ ಏಳು ಅಂತ ನಿನಗೂ ಗೊತ್ತಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಓಕಿ ತೂಗುಬೆಂಚನ್ನು ಕಾಲಿನಿಂದ ಒತ್ತಿ ನಿಲ್ಲಿಸಿದ. ಅವನಿಗೆ ಮಾತು ಗಣಿಯಿಂದ ಅಗೆದು ತೆಗೆಯಬೇಕಾದ ಸಾಮಾನು.

"ಊರಿಗೆಲ್ಲಾ ಹೇಳ್ತೀಯ ಕಣೆ. ಆ ಎಂಜಿನಿಯರ್‌ಗೆ ಒಂದಿನ ಪೂರ್ತಿ ಹೇಳ್ದೆ. ನಾನು ದಿನಾ ಊಟ ಮಾಡಿ ಏಳ್ತೀನಿ. ಒಂದ್ ದಿನ ಕೂತಿರು ಅಂದಿದ್ದೀಯಾ? ಸುಳ್ಳಿಗಾದ್ರೂ?" ಉಸಿರೆಳೆದುಕೊಳ್ಳಲು ನಿಂತ. "ನಾನು ಅಲ್ಲಿ ಕೂತ್ಕೊಂಡೆ, ನೀನು ಹೇಳ್ದೆ. ಮತ್ತೆ ಹೇಳ್ದೆ. ಚೆನ್ನಾಗಿತ್ತು."

ಡೆಲ್ಫಿಯಾ ಜಾಲರಿ ಬಾಗಿಲನ್ನು ಧಡಾರನೆ ಹಾಕಿಕೊಂಡು ಒಳಗೆ ಹೋದಳು.

ಬೇಸಿಗೆ ಬಂತು. ಸ್ವಿಚ್‌ಬೋರ್ಡನ್ನು ಕಿತ್ತು ಕೈಗಾಡಿಯಲ್ಲಿ ಹೇರಿಕೊಂಡು ಹೋದರು. ಡೆಲ್ಫಿಯಾ ಮನೆಯಲ್ಲಿ ಕೂತಳು. ಬಾಗಿಲು ತಟ್ಟಿದರೆ "ಯಾರು ಬೇಕು ಕಂದಾ?" ಎನ್ನುತ್ತಿದ್ದಳು. ಕೋಳಿಗಳಿಗೂ ಹಾಗೇ ಕೇಳುತ್ತಿದ್ದಳಂತೆ. ಓಕಿಗೆ ಮಾತ್ರ ಬಾಯಿಗೆ ಬೀಗ. ಆರ್ಬ್ಯೂಟಸ್ ಬಂದು, "ಏನೇ, ಈಗಲಾದ್ರೂ ಗಂಟಲು ಸರಿಹೋಗಿರ್ಬೇಕಲ್ಲ?" ಎಂದು ಕೆಣಕಿದರೆ, "ನಿನ್ನ ಅಣ್ಣನಿಂದ ನನ್ನ ದನಿ ಪಿಟ್ಸ್‌ಬರ್ಗಿನ ಪಾಲಾಯ್ತು" ಎಂದು ಉರಿಯುತ್ತಿದ್ದಳು. ಆದರೆ ಊಟ ಮುಗಿಸಿ ಓಕಿ ಎದ್ದು ಹೋಗುವಾಗ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಅವನ ಬೆನ್ನು ನೋಡುತ್ತಿದ್ದಳು. ಹೇಳಬೇಕೆನಿಸುತ್ತಿತ್ತು. ಹೇಳಿದರೆ ಹೋಗು ಎಂದ ಹಾಗಾಗುತ್ತದಲ್ಲ! ಇಷ್ಟು ವರ್ಷ ಅದೇ ಅರ್ಥದಲ್ಲಿ ಬಳಸಿ ಬಳಸಿ ಆ ಮಾತನ್ನು ಅವಳೇ ಕೆಡಿಸಿಟ್ಟಿದ್ದಳು. ಬೇರೆ ಮಾತು ಅವಳಿಗೆ ಸಿಗಲಿಲ್ಲ, ನಾಚಿಕೆಯೂ ಆಯಿತು. ಅವನ ಮೇಲಿನ ಸಿಟ್ಟು ಯಾವಾಗಲೋ ಇಳಿದಿತ್ತು, ಉಳಿದದ್ದು ತನ್ನ ಮೇಲಿನದು.

ಹೊಸ ಟೇಪು ಬಂದ ಮೇಲೆ ಆಸ್ಟ್ರಾಂಡರ್ ಬಾಗಿಲಿನ ಲೆಕ್ಕವನ್ನು ಮತ್ತೆ ಹಾಕಬೇಕಾಯಿತು. ಬೀಳ್ಕೊಡುವ ಶಾಸ್ತ್ರವನ್ನು ಈಗ ಜನರೇ ಮಾಡಿಕೊಳ್ಳಬೇಕಲ್ಲ, ಅದಕ್ಕೆ ಹೊತ್ತು ಬೇಕು. ಪಿಟ್ಸ್‌ಬರ್ಗಿನವಳು ನಿಲ್ದಾಣದ ಹೆಸರು ಹೇಳಿ ಸುಮ್ಮನಾಗಬೇಕು, ಆಮೇಲೂ ಬಾಗಿಲು ಒಂದಿಷ್ಟು ಹೊತ್ತು ಸುಮ್ಮನೆ ತೆರೆದಿರಬೇಕು ಎಂದು ಯೋಜನೆ ತಿದ್ದಿದ. ಅದಕ್ಕೆ ಸರಿಯಾದ ಹೆಸರೊಂದಿತ್ತಾದರೂ ಕಂಟ್ರೋಲ್ ರೂಮಿನವರು ಅದನ್ನು ಕರೆದದ್ದು "ಒಂದು ಡೆಲ್ಫಿಯಾ" ಎಂದು. ಇಂದಿಗೂ ಕಾಲೇಜಿನ ಪಂದ್ಯದ ದಿನ ಗುಂಪು ಹೆಚ್ಚಾದರೆ, "ನದಿ ನಿಲ್ದಾಣಕ್ಕೆ ಇನ್ನರ್ಧ ಡೆಲ್ಫಿಯಾ ಕೊಡು ಮಾರಾಯ" ಎನ್ನುತ್ತಾರೆ. ಆಸ್ಟ್ರಾಂಡರ್ ಇದನ್ನು ಹೇಳಲು ಮನೆಗೇ ಬಂದಿದ್ದ. ಡೆಲ್ಫಿಯಾ ಮೂಗು ಮುರಿದಳು. "ಮಾತಾಡೋಳ ಹೆಸರನ್ನ ಮಾತಿಲ್ಲದ ಜಾಗಕ್ಕೆ ಇಟ್ರಾ? ಚೆನ್ನಾಗಿದೆ!" ಹಾಗೆಂದರೂ ಅಂಗಡಿಯಲ್ಲಿ ನಾಲ್ಕು ಜನರಿಗೆ ಅದನ್ನು ಹೇಳದೆ ಬಿಡಲಿಲ್ಲ.

ಡಬ್ಬಿ ಓಡಲು ಶುರುವಾದ ದಿನ ಊರೆಲ್ಲ ಹತ್ತಲು ನೂಕಾಡಿತು. ತಾನು ಹೋಗುವುದಿಲ್ಲ ಎಂದು ಡೆಲ್ಫಿಯಾ ಹಟ ಹಿಡಿದಿದ್ದಳು. ಓಕಿ ತೊಳೆದ ಟೋಪಿ ಹಾಕಿಕೊಂಡು ಮೆಟ್ಟಿಲಲ್ಲಿ ನಿಂತು ಕಾದ. ಹೋಗೋಣ ಎಂದೂ ಹೇಳಲಿಲ್ಲ, ಹೋಗುತ್ತೇನೆ ಎಂದೂ ಹೇಳಲಿಲ್ಲ. ಕೊನೆಗೆ ಅವಳು ಗೊಣಗುತ್ತ ಹ್ಯಾಟು ಹುಡುಕಿದಳು.

ಬೆಟ್ಟದ ಮೇಲೆ ಹತ್ತಿ ಪಕ್ಕಪಕ್ಕ ಕೂತರು. ಕಿಟಕಿಯಲ್ಲಿ ಊರಿನ ಹೆಂಚುಗಳು, ಆರ್ಬ್ಯೂಟಸ್ ಒಣಹಾಕಿದ ಬಟ್ಟೆ, ಕಂದುಬಣ್ಣದ ನದಿ ಎಲ್ಲ ಜಾರಿಹೋದವು. ಓಕಿಯ ಉಸಿರು ಸಣ್ಣಗೆ ಶಿಳ್ಳೆ ಹಾಕುತ್ತಿತ್ತು. ಹಿಂದಿಗಿಂತ ಈಗ ಅದು ಹೆಚ್ಚಾಗಿದೆ ಎಂಬುದು ಅವಳಿಗೆ ಅಷ್ಟು ಹತ್ತಿರ ಕೂತಾಗಲೇ ಗೊತ್ತಾದದ್ದು. ಡಬ್ಬಿ ನಿಂತಿತು. ಬಾಗಿಲು ತೆರೆಯಿತು. "ನದಿ ನಿಲ್ದಾಣ" ಎಂದಳು ಪಿಟ್ಸ್‌ಬರ್ಗಿನವಳು, ಔಷಧಿ ಅಂಗಡಿಯಲ್ಲಿ ಹೆಸರು ಕೂಗುವ ಹಾಗೆ. ಆಮೇಲೆ ಆ ಮೌನ. ಜನ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು, "ಇನ್ನೂ ಸ್ವಲ್ಪ ಇರಬಹುದಿತ್ತು" "ಇಲ್ಲಪ್ಪ, ನೀವೇ ಬನ್ನಿ" ಎಂದುಕೊಳ್ಳುತ್ತ ಇಳಿಯತೊಡಗಿದರು. ಓಕಿ ಮುಂದಿನ ಕಂಬಿ ಹಿಡಿದುಕೊಂಡು ಎದ್ದ.

ಡೆಲ್ಫಿಯಾ ಅವನ ತೋಳು ಹಿಡಿದೆಳೆದಳು. "ಎಲ್ಲಿಗೆ ಹೊರಟೆ? ಇನ್ನೂ ಸ್ವಲ್ಪ ಹೊತ್ತು ಕೂತಿರು."

ಓಕಿ ಅರ್ಧ ಎದ್ದವನು ಹಾಗೇ ಬಾಗಿ ನಿಂತ. ಜನರೆಲ್ಲ ಇಳಿದಿದ್ದರು. ಬಾಗಿಲು ಇನ್ನೂ ತೆರೆದೇ ಇತ್ತು.

"ಅಂದ್ರೆ ಇಳಿ ಅಂತಲೋ, ಕೂತ್ಕೋ ಅಂತಲೋ?"

"ಕೂತ್ಕೋ ಅಂತ" ಎಂದಳು ಡೆಲ್ಫಿಯಾ. "ಕೂತ್ಕೋ ಅಂದ್ರೆ ಕೂತ್ಕೋ ಅಂತಲೇ ಕಣೋ."

"ಓಕೆ" ಎಂದು ಓಕಿ ಕೂತ.

ಬಾಗಿಲು ಮುಚ್ಚಿಕೊಂಡಿತು. ಡಬ್ಬಿ ಅವರಿಬ್ಬರನ್ನೂ ಕರೆದುಕೊಂಡು ಮತ್ತೆ ಬೆಟ್ಟ ಹತ್ತಿತು. ದಾರಿಯುದ್ದಕ್ಕೂ ಡೆಲ್ಫಿಯಾ ಊರಿನ ಸುದ್ದಿ ಹೇಳುತ್ತಿದ್ದಳು.